ದೋಣಿಗೆ ಬಣ್ಣ ಬಳಿಯುವ ಮುನ್ನ

ಹಾಸನ ಜಿಲ್ಲೆಗೆ ಸಮುದ್ರವಿಲ್ಲ. ಆದರೂ ದೋಣಿ ತೇಲಿಸುವ ಆಸೆ ಹುಟ್ಟಿಸುವಷ್ಟು ನೀರು ಇಲ್ಲಿನ ಮಕ್ಕಳ ಕಣ್ಣೆದುರಿಗೇ ಇದೆ. ಹೊಳೆನರಸೀಪುರದ ಮಗ್ಗುಲಲ್ಲಿ ಹೇಮಾವತಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ, ಚನ್ನರಾಯಪಟ್ಟಣದಲ್ಲಿ ಕೆರೆ, ಹಾಸನಕ್ಕೆ ಸಮೀಪದ ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಜಲಾಶಯ. ಕಾಗದದ ದೋಣಿಯಿಂದ ಶುರುವಾದ ಹವ್ಯಾಸ ಕಾಲೇಜಿನ ಹೊತ್ತಿಗೆ ಫೈಬರ್‌ಗ್ಲಾಸ್ ಮಾದರಿಗೆ ಬಂದು ನಿಲ್ಲುವುದುಂಟು. ಎನ್.ಸಿ.ಸಿ.ಯ ನೌಕಾ ವಿಭಾಗದಲ್ಲಂತೂ ಹಡಗಿನ ಮಾದರಿ ತಯಾರಿಕೆ ತರಬೇತಿಯ ಒಂದು ಭಾಗ. ಅದಕ್ಕೆ ರಾಷ್ಟ್ರಮಟ್ಟದ ಸ್ಪರ್ಧೆಯೂ ಇದೆ.

ಅಚ್ಚಿನಿಂದ ಹೊರಬಂದ ದೋಣಿಯ ಒಡಲು ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಕುಂಚ ಹಿಡಿದರೆ ಕೆಲಸ ಮುಗಿಯಿತು ಎಂದು ಹುಡುಗರಿಗೆ ಅನ್ನಿಸುತ್ತದೆ. ತಪ್ಪುವುದು ಇಲ್ಲಿಯೇ. ಬಳಿದ ಬಣ್ಣ ಎರಡು ದಿನ ಚೆನ್ನಾಗಿ ಕಂಡು, ನೀರಿಗಿಳಿದ ಮೇಲೆ ಬೆಂದ ಗೆಣಸಿನ ಸಿಪ್ಪೆಯಂತೆ ಸುಲಿದು ಬರುತ್ತದೆ. ತಿಂಗಳ ಶ್ರಮ ಹಾಳು. ಬಣ್ಣ ಕಳಪೆಯೆಂದು ಅಂಗಡಿಯವನಿಗೆ ಬೈಗುಳ ಬೇರೆ.

ದೋಷ ಬಣ್ಣದ್ದಲ್ಲ. ದೋಸೆ ಸುಲಭವಾಗಿ ಏಳಲೆಂದು ಕಾವಲಿಗೆ ಎಣ್ಣೆ ಸವರುವುದಿಲ್ಲವೇ? ಹಾಗೆಯೇ ಒಡಲು ಅಚ್ಚಿಗೆ ಅಂಟದಿರಲೆಂದು ಒಳಗೆ ಮೊದಲು ಮೇಣ ಸವರುತ್ತಾರೆ. ಅದರ ಮೇಲೆ ಜೆಲ್‌ಕೋಟ್ ಎಂಬ ತೆಳು ಪದರ, ಆಮೇಲೆ ಗಾಜಿನ ಎಳೆಗಳ ಹಾಸು ಮತ್ತು ಪಾಲಿಯೆಸ್ಟರ್ ರಾಳ. ಒಡಲು ಅಚ್ಚಿನಿಂದ ಏಳುವಾಗ ಮೇಣದ ಅಂಶ ಮೈಗೆ ಅಂಟಿಕೊಂಡೇ ಬರುತ್ತದೆ. ಅಚ್ಚಿಗೆ ಅಂಟಲು ಬಿಡದ ಮೇಣ ಬಣ್ಣವನ್ನೂ ಅಂಟಲು ಬಿಡದು.

ಆದ್ದರಿಂದ ಮೊದಲ ಕೆಲಸ ತೊಳೆಯುವುದು, ಉಜ್ಜುವುದಲ್ಲ. ತೊಳೆಯದೆ ಉಪ್ಪುಕಾಗದ ಹಿಡಿದರೆ ಮೇಣ ಗೀರುಗಳೊಳಗೆ ಸೇರಿ ಕೂರುತ್ತದೆ. ಮತ್ತೆ ತೆಗೆಯುವುದು ಕಷ್ಟ. ಹೊಸ ಒಡಲಾದರೆ ರಾಳದ ವಾಸನೆ ಆರುವವರೆಗೆ ಕೆಲವು ದಿನ ಗಾಳಿಯಾಡುವಲ್ಲಿಡಬೇಕು. ನಂತರ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೂಲೆಮೂಲೆಯನ್ನೂ ತಿಕ್ಕಬೇಕು. ಒಣಗಿದ ಮೇಲೆ ಅಸಿಟೋನ್‌ನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಬೇಗಬೇಗ ಒರೆಸಿ, ಬಟ್ಟೆಯ ಮಗ್ಗುಲನ್ನು ಆಗಾಗ ಬದಲಿಸುತ್ತಿರಬೇಕು. ಒಂದೇ ಮಗ್ಗುಲಿನಿಂದ ಒರೆಸಿದರೆ ಮೇಣ ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ.

ಮೇಣ ಹೋಯಿತೆಂದು ತಿಳಿಯುವುದು ಹೇಗೆ? ಒಡಲಿನ ಮೇಲೆ ನೀರು ಸುರಿದು ನೋಡಬೇಕು. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಉರುಳಿದರೆ ಮೇಣ ಇನ್ನೂ ಇದೆ. ನೀರು ಒಂದೇ ಹಾಳೆಯಂತೆ ಹರಡಿ ನಿಂತರೆ ಮೈ ಶುದ್ಧವಾಗಿದೆ.

ಮುಂದೆ ಕಣ್ಣಿನ ಕೆಲಸ. ಒಡಲನ್ನು ಓರೆ ಬೆಳಕಿಗೆ ಹಿಡಿದರೆ ಗಾಳಿಗುಳ್ಳೆ ಒಡೆದ ಸೂಜಿಮೊನೆಯಷ್ಟು ತೂತುಗಳೂ ಅಚ್ಚಿನ ಎರಡು ಭಾಗ ಕೂಡಿದ ಏಣೂ ಕಾಣುತ್ತವೆ. ಏಣನ್ನು ಸಣ್ಣ ಅರದಿಂದ ಸಮಮಾಡಬೇಕು. ತೂತುಗಳಿಗೆ ಕಾರಿಗೆ ಬಣ್ಣ ಹೊಡೆಯುವವರು ಬಳಸುವ ಪಾಲಿಯೆಸ್ಟರ್ ಪುಟ್ಟಿ ಸಾಕು. ಹಾರ್ಡನರ್ ಬೆರೆಸಿದ ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗುವುದರಿಂದ ಒಂದು ಸಲಕ್ಕೆ ನೆಲ್ಲಿಕಾಯಿಯಷ್ಟು ಮಾತ್ರ ಕಲಸುವುದು ಜಾಣತನ.

ಈಗ ಉಜ್ಜುವ ಸರದಿ. ಮೊದಲು 240 ಅಥವಾ 320ರ ವಾಟರ್ ಪೇಪರ್, ಆಮೇಲೆ 400. ಕಾಗದವನ್ನು ಮರದ ತುಂಡಿಗೆ ಸುತ್ತಿ, ನೀರಿನಲ್ಲಿ ಅದ್ದಿ, ಹಗುರವಾಗಿ ಆಡಿಸಬೇಕು. ಹೊಳಪು ಹೋಗಿ ಮೈಯೆಲ್ಲ ಒಂದೇ ಸಮನೆ ಮಂಕಾದರೆ ಸಾಕು. ಹೊಳೆಯುವ ಚುಕ್ಕೆ ಉಳಿದ ಕಡೆ ಬಣ್ಣ ಹಿಡಿಯುವುದಿಲ್ಲ. ಅತಿಯಾಗಿ ಉಜ್ಜಿದರೆ ಜೆಲ್‌ಕೋಟ್ ಸವೆದು ಗಾಜಿನ ಎಳೆ ಮೇಲೆ ಬರುತ್ತದೆ. ಕೊನೆಗೆ ತೊಳೆದು, ಚೆನ್ನಾಗಿ ಒಣಗಿಸಿ, ಬೂದುಬಣ್ಣದ ಪ್ರೈಮರನ್ನು ತೆಳುವಾಗಿ ಎರಡು ಸಲ ಹೊಡೆಯಬೇಕು. ಕಣ್ಣಿಗೆ ತಪ್ಪಿದ ತೂತನ್ನೂ ಪ್ರೈಮರ್ ಎತ್ತಿ ತೋರಿಸುತ್ತದೆ. ಆಗ ಬೇಸರಪಡದೆ ಮತ್ತೆ ಪುಟ್ಟಿ ತುಂಬಿ, ಮತ್ತೆ ಉಜ್ಜಿ, ಮತ್ತೆ ಪ್ರೈಮರ್ ಹೊಡೆಯಬೇಕು. ಬಣ್ಣದ ಡಬ್ಬಿ ತೆರೆಯುವುದು ಇದೆಲ್ಲ ಆದ ಮೇಲೆ.

ಹೆತ್ತವರ ಪಾಲಿಗೂ ಕೆಲಸವಿದೆ. ಫೈಬರ್‌ಗ್ಲಾಸ್ ಪುಡಿ ಚರ್ಮಕ್ಕೆ ಚುಚ್ಚಿ ತುರಿಕೆ ತರುತ್ತದೆ. ಕಣ್ಣಿಗೂ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ನೀರು ಹಾಕಿ ಉಜ್ಜಿದರೆ ಪುಡಿ ಹಾರುವುದು ಕಡಿಮೆ. ಆದರೂ ಮುಖಕ್ಕೆ ಒಳ್ಳೆಯ ಮಾಸ್ಕ್, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್, ತುಂಬುತೋಳಿನ ಅಂಗಿ ಇರಲೇಬೇಕು. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ಅಸಿಟೋನ್ ಕಿಡಿ ಸೋಕಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಒರೆಸುವ ಕೆಲಸವನ್ನು ದೊಡ್ಡವರೇ, ಅಡುಗೆಮನೆಯಿಂದ ದೂರ, ಬಯಲಿನಲ್ಲಿ ಮಾಡುವುದು ಕ್ಷೇಮ.

ಇನ್ನೊಂದು ಮಾತು. ಸಿದ್ಧವಾದ ದೋಣಿಯನ್ನು ಮೊದಲು ತೇಲಿಸಬೇಕಾದದ್ದು ಮನೆಯ ತೊಟ್ಟಿಯಲ್ಲಿ. ನಾಲೆಯ ಬದಿ ಜಾರುತ್ತದೆ, ಕೆರೆಯ ಆಳ ಮೇಲಿನಿಂದ ತಿಳಿಯುವುದಿಲ್ಲ. ಹೊಳೆಗೋ ಕೆರೆಗೋ ಹೋಗುವ ದಿನ ಮನೆಯ ಹಿರಿಯರೊಬ್ಬರು ಜೊತೆಗಿರಲಿ. ದೋಣಿ ದೂರ ತೇಲಿಹೋದರೆ ಹೋಗಲಿ, ಅದರ ಹಿಂದೆ ಮಗು ನೀರಿಗಿಳಿಯಬಾರದು.