ಬೇಲಿ ಮುಗಿದ ಕಡೆ ಗುಂಡು

ಟೂರಿನಲ್ಲಿ ಗೈಡ್ ಮಹಾಶಯ ಗಳಿಗೆಗೊಮ್ಮೆ ತಲೆ ಎಣಿಸಿದರೆ ಮಂದಿಗೆ ರೇಗುತ್ತದೆ. ಕುರಿಗಳೇನ್ರೀ ನಾವು ಅಂತಾರೆ. ಆದರೆ ಉತ್ತರ ಕೊರಿಯದ ಕುಮ್‌ಗಾಂಗ್ ಬೆಟ್ಟದಲ್ಲಿ ಏನಾಯಿತು?

2008ರ ಜುಲೈ 11. ದಕ್ಷಿಣ ಕೊರಿಯದಿಂದ ತಂಡದ ಜೊತೆ ಬಂದಿದ್ದ 53 ವರ್ಷದ ಗೃಹಿಣಿ ನಸುಕಿನಲ್ಲೇ ಎದ್ದು ಒಬ್ಬರೇ ಕಡಲ ದಂಡೆಗೆ ಹೊರಟರು. ಪ್ರವಾಸಿಗಳ ಜಾಗದ ಬೇಲಿ ನೀರಿನವರೆಗೂ ಇರಲಿಲ್ಲ. ಅದು ಮುಗಿದ ಕಡೆ ಬರೀ ಮರಳು ದಿಬ್ಬ. ಅದರಾಚೆ ಮಿಲಿಟರಿ ವಲಯ. ಸೈನಿಕನ ಎರಡು ಗುಂಡು ತಗುಲಿ ಆಕೆ ಸತ್ತರು.

ನಿಲ್ಲು ಅಂದೆವು, ಓಡಿದಳು ಎಂಬುದು ಉತ್ತರದವರ ವಾದ. ಜಂಟಿ ತನಿಖೆ ಆಗಲಿ ಅಂದರೆ ಒಪ್ಪಲಿಲ್ಲ. ಮೇಲಾಗಿ, ನೀವೇ ಕ್ಷಮೆ ಕೇಳಿ ಅಂದರು! ಹೇಳದೆ ಹೋದದ್ದು ತಪ್ಪೇ ಇರಲಿ. ಬರಿಗೈ ಹೆಂಗಸಿನ ಬೆನ್ನಿಗೆ ಗುಂಡು ಹೊಡೆಯೋದು ಯಾವ ನ್ಯಾಯ? ಟೂರಿನ ದುಡ್ಡು ಎಣಿಸಿಕೊಂಡವರು ಬೇಲಿಯನ್ನ ಪೂರ್ತಿ ಹಾಕಿಸಬಾರದಿತ್ತೇ?

ಮಾರನೆಯ ದಿನದಿಂದಲೇ ದಕ್ಷಿಣದ ಸರ್ಕಾರ ಟೂರು ನಿಲ್ಲಿಸಿತು. 1998ರಿಂದ ಸುಮಾರು 19 ಲಕ್ಷ ಮಂದಿ ಹೋಗಿಬಂದಿದ್ದ ಟೂರು ಅದು. ಮತ್ತೆ ಶುರುವಾಗಲೇ ಇಲ್ಲ. ದಕ್ಷಿಣದವರ ದುಡ್ಡಿನಲ್ಲಿ ಎದ್ದ ಕಟ್ಟಡಗಳನ್ನು 2022ರಿಂದ ಉತ್ತರದವರು ಒಂದೊಂದಾಗಿ ಕೆಡವತೊಡಗಿದರು.