ತಾತನಿಗೆ ಕೇಳದ ಸದ್ದು

ಮಕ್ಕಳೇ, ಈ ವಾರ ನನ್ನ ಹಳೆಯ ಅಂಬಾಸಡರ್ ಕಾರಿನ ಕಥೆ. ಅಜ್ಜ ಅಜ್ಜಿಯರೂ ಓದಿ. ಇದರಲ್ಲಿ ತಪ್ಪು ಮಾಡಿದ್ದು ನಮ್ಮ ಕಡೆಯವನೇ!

ಕಳೆದ ತಿಂಗಳು ಚಾಮುಂಡಿ ಬೆಟ್ಟದಿಂದ ಇಳಿಯುತ್ತಿದ್ದೆವು. ಹಿಂದಿನ ಸೀಟಿನಲ್ಲಿದ್ದ ಮೊಮ್ಮಗಳು, "ತಾತ, ಬ್ರೇಕ್ ಹಾಕಿದಾಗಲೆಲ್ಲ ಕೀಂ ಅನ್ನುತ್ತೆ" ಎಂದಳು. ನನಗೇನೂ ಕೇಳಿಸಲಿಲ್ಲ. "ಹಳೇ ಕಾರು ಅಂದ್ರೆ ಸದ್ದು ಇದ್ದದ್ದೇ, ಸುಮ್ನಿರು ಪುಟ್ಟಿ" ಎಂದೆ. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪಿಹೋಗುವುದು ಇಂಥ ಚೂಪು ಸದ್ದುಗಳೇ. ಗೊತ್ತಿದ್ದರೂ ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ.

ಮನೆಗೆ ಬಂದ ಮೇಲೂ ಅವಳು ಬಿಡಲಿಲ್ಲ. "ಬಾಗಿಲು ಕಿರ್ ಅಂದ್ರೆ ಎಣ್ಣೆ ಬಿಡ್ತೀಯಲ್ಲ ತಾತ, ಕಾರಿಗೂ ಬಿಡು!" ಆಗ ಬೆಚ್ಚಿಬಿದ್ದೆ. ಇದನ್ನು ಈಗಲೇ ತಿಳಿಸಿ ಹೇಳಬೇಕು ಎನ್ನಿಸಿತು.

ನನ್ನ ಕಾರಿನ ಚಕ್ರದ ಜೊತೆ ಡ್ರಮ್ ಎಂಬ ಕಬ್ಬಿಣದ ಡಬ್ಬಿ ತಿರುಗುತ್ತದೆ. ಅದರೊಳಗೆ ಅರ್ಧಚಂದ್ರದಂಥ ಎರಡು ಶೂಗಳಿವೆ. ಅವುಗಳ ಮೈಗೆ ಲೈನಿಂಗ್ ಎಂಬ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಪೆಡಲ್ ಒತ್ತಿದಾಗ ಶೂಗಳು ಅಗಲವಾಗಿ ಡ್ರಮ್ಮಿಗೆ ಉಜ್ಜುತ್ತವೆ. ಆ ಉಜ್ಜುವಿಕೆಯಿಂದಲೇ ಕಾರು ನಿಲ್ಲುವುದು. ಎಣ್ಣೆ ಬಿದ್ದರೆ ಸದ್ದು ನಿಲ್ಲಬಹುದು, ಕಾರು ನಿಲ್ಲುವುದಿಲ್ಲ!

ಬ್ಯಾಂಕಿನಲ್ಲಿ ಎರಡು ರೂಪಾಯಿ ತಾಳೆಯಾಗದಿದ್ದರೂ ನಾವು ಜೇಬಿನಿಂದ ಹಾಕಿ ಮುಚ್ಚುವಂತಿರಲಿಲ್ಲ. ತಪ್ಪು ಎಲ್ಲಿದೆಯೆಂದು ಹುಡುಕಲೇಬೇಕಿತ್ತು. ಇಲ್ಲೂ ಹಾಗೇ. ಮಳೆಯಲ್ಲಿ ನೆನೆದ ಮರುದಿನ ಒಂದೆರಡು ಸಲ ಕರಕರ ಎಂದು ನಿಂತುಹೋದರೆ ಅದು ಡ್ರಮ್ಮಿನ ತೆಳು ತುಕ್ಕು. ಬಿಡದೆ ಕೀಂ ಎಂದರೆ ಧೂಳು ತುಂಬಿರಬಹುದು, ಲೈನಿಂಗ್ ನುಣುಪಾಗಿರಬಹುದು, ಇಲ್ಲವೇ ಸವೆದಿರಬಹುದು. ಟಕ್ ಟಕ್ ಎಂದರೆ ಒಳಗಿನ ಸ್ಪ್ರಿಂಗ್ ಸಡಿಲವಾಗಿರಬಹುದು. ಗರಗರ ಎಂದು ಕೆರೆದರೆ ಲೋಹಕ್ಕೆ ಲೋಹ ತಾಗುತ್ತಿದೆ ಎಂದರ್ಥ. ಆಗ ಕಾರು ಓಡಿಸಲೇಬಾರದು.

ಯಾವ ಚಕ್ರವೆಂದು ತಿಳಿಯಲು, ಜನವಿಲ್ಲದ ರಸ್ತೆಯಲ್ಲಿ ಕಿಟಕಿಗಳನ್ನು ಇಳಿಸಿ, ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕ ನಿಧಾನವಾಗಿ ಹೋದೆವು. ಸದ್ದು ಗೋಡೆಗೆ ಬಡಿದು ವಾಪಸು ಬರುತ್ತದೆ. ಮೆಲ್ಲಗೆ ಬ್ರೇಕ್ ಒತ್ತಿದೆ. "ಎಡಗಡೆ ತಾತ, ಮುಂದಿನ ಚಕ್ರ!" ಎಂದಳು.

ಗ್ಯಾರೇಜಿನಲ್ಲಿ ಆ ಚಕ್ರವನ್ನೇ ಬಿಚ್ಚಿದರು. ಲೈನಿಂಗ್ ಸವೆದು ರಿವೆಟ್ಟಿನ ತಲೆ ಕಾಣುತ್ತಿತ್ತು. ಡ್ರಮ್ಮಿನ ಮೇಲೆ ಗೀರು ಬೀಳಲು ಶುರುವಾಗಿತ್ತು. ಮೆಕ್ಯಾನಿಕ್ ನನ್ನ ಮುಖ ನೋಡಿದರು. "ಇದರಲ್ಲೇ ಬೆಟ್ಟ ಇಳಿದ್ರಾ ಸಾರ್?" ನಾನು ಮಾತಾಡಲಿಲ್ಲ.

ಡ್ರಮ್ಮನ್ನು ಲೇಥಿನಲ್ಲಿ ಸಮ ಮಾಡಿಸಿ, ಮುಂದಿನ ಎರಡೂ ಚಕ್ರಗಳಿಗೆ ಹೊಸ ಲೈನಿಂಗ್ ಹಾಕಿಸಿದೆ. ಒಂದೇ ಬದಿಗೆ ಹಾಕಿದರೆ ಬ್ರೇಕ್ ಒತ್ತಿದಾಗ ಕಾರು ಪಕ್ಕಕ್ಕೆ ಎಳೆಯುತ್ತದೆ. ಹಳೆ ಕಾರಿದ್ದವರಿಗೆ ಇನ್ನೊಂದು ಮಾತು: ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದಲೋ ಪಂಪಿನಿಂದಲೋ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಲಿ. ಹಿಂದಿನ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಮಕ್ಕಳೇ, ಚಕ್ರ ಬಿಚ್ಚುವ ಕೆಲಸ ನಿಮ್ಮದಲ್ಲ. ಆದರೆ ಕಿವಿಗೆ ಬಿದ್ದದ್ದನ್ನು ಹೇಳಿ. ದೊಡ್ಡವರು "ಸುಮ್ನಿರು" ಎಂದರೆ ಇನ್ನೊಂದು ಸಲ ಹೇಳಿ.

ನಮ್ಮ ಮನೆಯಲ್ಲಿ ಈಗ ಕಾರಿನ ಲೆಕ್ಕ ಬರೆಯುವವನು ನಾನು, ಆಡಿಟರ್ ಮೊಮ್ಮಗಳು. ಅವಳು ಕಿವಿಗೊಟ್ಟು "ಸರಿಯಾಗಿದೆ ತಾತ" ಎಂದ ಮೇಲೇ ನಾವು ಬೆಟ್ಟ ಹತ್ತುವುದು.