ಬತ್ತಿದ ಹಿಡಕಲ್‌ನೊಳಗ ಗುಡಿ ಕಂಡಿತು, ನಮ್ಮ ಪಾಲು ಕಾಣಲಿಲ್ಲ



ಬೇಸಿಗೆ ಬಂತು ಅಂದ್ರ ನಮ್ಮ ಬೆಳಗಾವಿ ಜಿಲ್ಲೆಯ ಮಂದಿ ಮೊಬೈಲಿನೊಳಗ ಒಂದು ಫೋಟೊ ತಪ್ಪದೇ ಓಡಾಡತದ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ನೀರು ಇಳಿದು, ಹುನ್ನೂರಿನ ಹಳೇ ವಿಠ್ಠಲನ ಗುಡಿ ಹೊರಗ ಬಂದ ಫೋಟೊ. ಈ ವಾರ ನನಗೆ ಐದಾರು ಗ್ರೂಪಿನಿಂದ ಬಂತು. ಗುಡಿ ನೋಡಬ್ಯಾಡ್ರಿ ಅಂತ ನಾನು ಹೇಳೋದಿಲ್ಲ. ವರ್ಷದ ಬಹಳಷ್ಟು ದಿನ ನೀರೊಳಗ ನಿಂತು ಇನ್ನೂ ಬೀಳದ ಕಲ್ಲಿನ ಕಟ್ಟಡ, ನೋಡುವಂಥದ್ದೇ. ಆದರೆ ಜಲಾಶಯ ಬತ್ತಿದಾಗ ಕಾಣೋದು ಗುಡಿಯೊಂದೇ ಅಲ್ಲ. ನೀರು ಯಾರದು ಅನ್ನೋ ಪ್ರಶ್ನೆಯೂ ಕಾಣತದ. ಅದರ ಫೋಟೊ ಯಾರೂ ಹಾಕೋದಿಲ್ಲ.

2023ರ ಜೂನ್ ತಿಂಗಳಲ್ಲಿ ನಾವು ಮೂವರು ಗೆಳೆಯರು ಮುಗಳಖೋಡದಿಂದ ಬೈಕ್ ಮೇಲೆ ಅಲ್ಲಿಗೆ ಹೋಗಿದ್ದೆವು. ಆ ವರ್ಷ ಮುಂಗಾರು ತಡವಾಗಿತ್ತು. ಚಿಕ್ಕೋಡಿ, ಅಥಣಿ, ಕಾಗವಾಡ ಕಡೆ ಕೃಷ್ಣಾ ನದಿ ತಳ ಕಂಡಿತ್ತು. ಮಹಾರಾಷ್ಟ್ರದಿಂದ ನೀರು ಬಿಡಿಸಿರಿ ಎಂದು ನಮ್ಮ ಮುಖ್ಯಮಂತ್ರಿಗಳು ಪತ್ರ ಬರೆದಿದ್ದರು. ಹಿಡಕಲ್ ಹಿನ್ನೀರಿನ ಜಾಗದಲ್ಲಿ ಬಿರುಕು ಬಿಟ್ಟ ಕೆಸರು, ಸತ್ತ ಚಿಪ್ಪು, ಒಡ್ಡಿನ ಗುರುತು. ಆ ತಳದ ಮೇಲೆಯೇ ಕಾರು, ಟ್ರ್ಯಾಕ್ಸು ಸಾಲಾಗಿ ನಿಂತಿದ್ದವು. ಚುರುಮುರಿ, ಭಜಿ ಮಾರುವವರೂ ಬಂದಿದ್ದರು. ಆಡು ಮೇಯಿಸುತ್ತಿದ್ದ ಒಬ್ಬ ಹಿರಿಯರನ್ನು ಕೇಳಿದೆ, "ಯಜ್ಜಾ, ಕೇರಿ ಯಾವ ಕಡೆ ಇತ್ತು?" ಅವರು ಕೈ ಮಾಡಿ ತೋರಿಸಿದರು: "ಅಕಾ, ಆ ದಿನ್ನಿ ಆಚೆ ಇತ್ತಪಾ. ಅವು ಮಣ್ಣಿನ ಗ್ವಾಡಿ. ಮೊದಲನೇ ವರ್ಷಕ್ಕ ಕರಗಿ ಹೋದವು."

ಕಲ್ಲು ಉಳೀತದ, ಮಣ್ಣು ಕರಗತದ. ಇದು ನೀರಿನ ಗುಣ, ಒಪ್ಪಿದೆ. ಕಲ್ಲಿನ ಮನಿ ಯಾರದು, ಮಣ್ಣಿನ ಗ್ವಾಡಿ ಯಾರದು ಅನ್ನೋದನ್ನ ಮಾತ್ರ ನೀರು ನಿರ್ಧಾರ ಮಾಡಿಲ್ಲ. ದಾಖಲೆಯ ಕಥೆಯೂ ಇದೇ ಐತಿ. ಈ ಅಣೆಕಟ್ಟು ಕಟ್ಟುವ ಕಾಲಕ್ಕೆ ಇದ್ದದ್ದು ಬ್ರಿಟಿಷರ 1894ರ ಭೂಸ್ವಾಧೀನ ಕಾಯ್ದೆ. ಉತಾರದಾಗ ಹೆಸರಿದ್ದವನ ಹೊಲಕ್ಕೆ ಬೆಲೆ ಕಟ್ಟಲು ಅದರಲ್ಲಿ ದಾರಿ ಇತ್ತು. ಅದೇ ಹೊಲದಲ್ಲಿ ಕೂಲಿ ಮಾಡಿ ಬದುಕುತ್ತಿದ್ದವನ ದುಡಿಮೆ ಮುಳುಗಿದರೆ ಅದಕ್ಕೆ ಬೆಲೆ ಇರಲಿಲ್ಲ. ಭೂಮಿ ಇಲ್ಲದಿದ್ದರೂ ಆ ಭೂಮಿಯನ್ನೇ ನಂಬಿದ ಕುಟುಂಬವನ್ನು 'ಬಾಧಿತ ಕುಟುಂಬ' ಎಂದು ಕಾನೂನು ಒಪ್ಪಿದ್ದು 2013ರ ಕಾಯ್ದೆಯಲ್ಲಿ. ಅಣೆಕಟ್ಟು ಪೂರ್ತಿಯಾದದ್ದು 1977ರಲ್ಲಿ.

ನಾನು ಕಚೇರಿಯಲ್ಲಿ ಗುಮಾಸ್ತ. ದಿನಾ ಕಾಲಂ ತುಂಬೋದೇ ನನ್ನ ಕೆಲಸ. ಇಷ್ಟು ವರ್ಷದ ನೌಕರಿಯಲ್ಲಿ ಕಲಿತ ಪಾಠ ಒಂದೇ: ಕಾಲಂ ಇಲ್ಲದ ಮನುಷ್ಯ ಸರ್ಕಾರಕ್ಕೆ ಕಾಣೋದಿಲ್ಲ. ನೀರಿನ ವಿಷಯದಲ್ಲಿ ಭೂಮಿ ಇಲ್ಲದ ದಲಿತನಿಗೆ ಕಾಲಮ್ಮೇ ಇಲ್ಲ.

ಜಲಾಶಯ ತುಂಬಿದಾಗ ಏನಾಗತದ ನೋಡ್ರಿ. ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯ 51 ಟಿಎಂಸಿ ನೀರು ಹಿಡಿಯುವಂಥದ್ದು. ಘಟಪ್ರಭಾ ಯೋಜನೆಯಿಂದ ಮೂರು ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿಗೆ ನೀರು ಅಂತ ಲೆಕ್ಕ. ನಮ್ಮ ರಾಯಬಾಗ ತಾಲ್ಲೂಕಿನ ಕಡೆಗೂ ಎಡದಂಡೆ ಕೆನಾಲ್ ಬರತದ. ಕೆನಾಲ್ ಬಂತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂದವು, ಊರಿಗೆ ದೊಡ್ಡ ದೊಡ್ಡ ಮನೆ ಬಂದವು. ಪಾಳಿ ಪ್ರಕಾರ ನೀರು ಸಿಗೋದು ಹೊಲಕ್ಕೆ. ನೀರು ಬಳಕೆದಾರರ ಸಹಕಾರ ಸಂಘದಲ್ಲಿ ಸದಸ್ಯನಾಗೋದು ಅಚ್ಚುಕಟ್ಟಿನೊಳಗ ಹೊಲ ಇದ್ದವನು. ರಾತ್ರಿ ಪಾಳಿ ಬಂದಾಗ ಬ್ಯಾಟರಿ ಹಿಡಕೊಂಡು ಹೋಗಿ ಮೊಣಕಾಲು ಕೆಸರಿನೊಳಗ ನಿಂತು ಆ ನೀರು ಹಾಯಿಸೋ ಆಳುಮಗ ಮಾತ್ರ 'ಬಳಕೆದಾರ' ಅಲ್ಲ!

ಇನ್ನು ಬತ್ತಿದಾಗ. "ಬರ ಎಲ್ಲರಿಗೂ ಒಂದೇ" ಅಂತಾರ. ಇದು ಸುಳ್ಳು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಬೆಳೆ ಪರಿಹಾರ ಕೊಟ್ಟಿದ್ದು ಹೆಕ್ಟೇರ್ ಲೆಕ್ಕದಲ್ಲಿ. ಮಳೆಯಾಶ್ರಿತ ಹೊಲಕ್ಕೆ 8,500 ರೂಪಾಯಿ, ನೀರಾವರಿ ಹೊಲಕ್ಕೆ 17,000, ಗರಿಷ್ಠ ಎರಡು ಹೆಕ್ಟೇರಿಗೆ. 'ಫ್ರೂಟ್ಸ್' ತಂತ್ರಾಂಶದಲ್ಲಿ ಸರ್ವೆ ನಂಬರ್ ಜೋಡಿಸಿದ ರೈತನ ಖಾತೆಗೆ ಹಣ ಹೋಯಿತು. ರೈತರಿಗೆ ಕೊಟ್ಟದ್ದು ಕಡಿಮೆಯೇ ಆಯಿತು, ಅದರಲ್ಲಿ ನನ್ನ ತಕರಾರು ಇಲ್ಲ. ನನ್ನ ಪ್ರಶ್ನೆ ಬೇರೆ. ಹೊಲ ಒಣಗಿದರೆ ಕಳೆ ತೆಗೆಯೋ ಕೆಲಸ ಇಲ್ಲ, ಕಬ್ಬು ಒಣಗಿದರೆ ಕಡಿಯೋ ಗ್ಯಾಂಗಿಗೆ ಕೆಲಸ ಇಲ್ಲ. ಕೂಲಿ ಹೆಣ್ಣುಮಗಳು ಕಳಕೊಂಡ ದಿನಗಳನ್ನು ಯಾವ ಸರ್ವೆ ನಂಬರಿನಲ್ಲಿ ಬರೆಯೋಣ? ಬೆಳೆ ಹಾನಿಗೆ ಕಾಲಂ ಇದೆ, ಕೂಲಿ ಹಾನಿಗೆ ಎಲ್ಲೈತಿ?

"ಭೂಮಿ ಇಲ್ಲದವನಿಗೆ ನೀರು ತಗೊಂಡು ಏನು ಮಾಡಬೇಕು?" ಅಂತ ನಮ್ಮವರೇ ಕೆಲವರು ಕೇಳತಾರ. ಮೊದಲು ಭೂಮಿ ಯಾಕ ಇಲ್ಲ ಅಂತ ಕೇಳ್ರಿ. 1974ರಲ್ಲಿ ಭೂ ಸುಧಾರಣೆ ತಿದ್ದುಪಡಿ ಬಂದಾಗ ಫಾರ್ಮ್ ನಂಬರ್ 7 ತುಂಬಲು ಅವಕಾಶ ಇದ್ದದ್ದು ಗೇಣಿದಾರನಿಗೆ. ನಮ್ಮ ಹೆಚ್ಚಿನ ಮಂದಿ ಗೇಣಿದಾರರೂ ಆಗಿರಲಿಲ್ಲ, ಜೀತಕ್ಕಿದ್ದವರು, ಕೂಲಿಗಿದ್ದವರು. ಮೂರೇ ವರ್ಷಕ್ಕೆ ಅಣೆಕಟ್ಟು ಪೂರ್ತಿಯಾಯಿತು. ಭೂಮಿ ತಪ್ಪಿಸಿಕೊಂಡವನಿಗೆ ನೀರೂ ತಾನಾಗಿಯೇ ತಪ್ಪಿತು.

ಎರಡನೇ ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಪಕ್ಕದ ಸಾಂಗಲಿ ಜಿಲ್ಲೆಯಲ್ಲಿ, 1980ರ ದಶಕದಲ್ಲಿ, ಮುಕ್ತಿ ಸಂಘರ್ಷ ಚಳವಳಿಯವರು ಯೇರಳಾ ನದಿಗೆ ಬಳಿರಾಜಾ ಕಟ್ಟೆ ಕಟ್ಟಿದರು. ಗುತ್ತಿಗೆದಾರರು ನದಿಯ ಉಸುಕು ಲೂಟಿ ಮಾಡುವುದರ ವಿರುದ್ಧ ಹೋರಾಡಿ, ಸ್ವಲ್ಪ ಉಸುಕು ತಾವೇ ಮಾರಿ ಹಣ ಹೊಂದಿಸಿದರು. ನೀರು ಹಂಚುವಾಗ ಭೂಮಿ ಇಲ್ಲದ ಕುಟುಂಬಕ್ಕೂ ಪಾಲು ಇಟ್ಟರು. ಅದಕ್ಕೂ ಮೊದಲು, 1972ರ ದೊಡ್ಡ ಬರ ಕಂಡ ವಿಲಾಸರಾವ್ ಸಾಳುಂಕೆ ಪುಣೆ ಜಿಲ್ಲೆಯ ನಾಯಗಾಂವದಲ್ಲಿ ಪಾಣಿ ಪಂಚಾಯತ್ ಶುರು ಮಾಡಿದ್ದರು. ಅಲ್ಲಿ ನೀರಿನ ಲೆಕ್ಕ ಎಕರೆ ಮೇಲಲ್ಲ, ಮನೆಯ ತಲೆ ಮೇಲೆ. ಕಬ್ಬು ಬೆಳೆಯಂಗಿಲ್ಲ. ನೀರಿನ ಪಾಲು ಇದ್ದ ಭೂಹೀನ, ಭೂಮಿ ಇದ್ದವನ ಹೊಲವನ್ನು ಪಾಲಿಗೆ ಮಾಡಬಹುದು. ನೀರು ಕೈಯಲ್ಲಿದ್ದರೆ ಅವನು ಆಳಾಗಿ ಅಲ್ಲ, ಪಾಲುದಾರನಾಗಿ ಹೊಲದ ಬದುವಿಗೆ ಹೋಗತಾನ.

ಬಾಬಾಸಾಹೇಬರ ಹಾದಿಯೂ ಇದೇ. ನಮ್ಮ ಜಿಲ್ಲೆ ಮುಂಬೈ ಪ್ರಾಂತದಲ್ಲಿದ್ದಾಗ, 1923ರ ಆಗಸ್ಟ್‌ನಲ್ಲಿ, ಸಾರ್ವಜನಿಕ ಹಣದಿಂದ ಕಟ್ಟಿದ, ನಡೆಸುವ ಕೆರೆ ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದು ಎಂಬ ಎಸ್.ಕೆ. ಬೋಳೆಯವರ ಗೊತ್ತುವಳಿ ವಿಧಾನ ಪರಿಷತ್ತಿನಲ್ಲಿ ಪಾಸಾಯಿತು. 1925ರಲ್ಲಿ ಬಾಬಾಸಾಹೇಬರು ನಮ್ಮ ನಿಪ್ಪಾಣಿಗೆ ಬಂದು ಸಮಾವೇಶ ನಡೆಸಿದರು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದರು. ಕೋರ್ಟಿನಲ್ಲಿ ಆ ಹಕ್ಕು ಗಟ್ಟಿಯಾಗಲು 1937 ಬರಬೇಕಾಯಿತು. ಆ ಗೊತ್ತುವಳಿಯ ತಿರುಳು ಒಂದು ಮಾತಿನಲ್ಲಿದೆ: ಸಾರ್ವಜನಿಕ ಹಣದಲ್ಲಿ ಕಟ್ಟಿದ್ದು ಎಲ್ಲರದು. ಹಿಡಕಲ್ ಕಟ್ಟಿದ್ದು ಯಾರ ಹಣದಲ್ಲಿ? ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕಟ್ಟುವ ನಮ್ಮ ಹಣವೂ ಅದರೊಳಗೈತಿ. ಚವದಾರ ಕೆರೆ ದಂಡೆಯಲ್ಲಿ ಜಾತಿ ಕೇಳುತ್ತಿದ್ದರು. ಕೆನಾಲ್ ದಂಡೆಯಲ್ಲಿ ಉತಾರ ಕೇಳತಾರ. ಉತಾರ ಯಾರ ಮನೆಯಲ್ಲಿಲ್ಲ ಅನ್ನೋದು ಕೇಳೋ ಮೊದಲೇ ಎಲ್ಲರಿಗೂ ಗೊತ್ತು.

ಹಾಗಾಗಿ ಗೆಳೆಯರೇ, ಮುಂದಿನ ಗ್ರಾಮಸಭೆಗೆ, ಪುರಸಭೆಗೆ, ತಹಶೀಲ್ದಾರರಿಗೆ ಕೊಡುವ ಮನವಿಯಲ್ಲಿ ಇವನ್ನು ಬರೆಯೋಣ.

1) ಬರದ ಸಮೀಕ್ಷೆಯಲ್ಲಿ ಕೂಲಿ ಕಳೆದುಕೊಂಡ ದಿನಗಳಿಗೆ ಒಂದು ಕಾಲಂ ಬೇಕು. ಪರಿಹಾರ ಭೂಹೀನ ಕುಟುಂಬದ ಖಾತೆಗೂ ಬರಬೇಕು.

2) ನೀರು ಬಳಕೆದಾರರ ಸಂಘದಲ್ಲಿ ಭೂಹೀನರಿಗೆ ಸದಸ್ಯತ್ವ, ಮತದಾನ ಮತ್ತು ನೀರಿನ ಪಾಲು ಬೇಕು. ಕಾಯ್ದೆ ತಿದ್ದಬೇಕಾದರೆ ತಿದ್ದಲಿ.

3) ಬೇಸಿಗೆಯಲ್ಲಿ ಟ್ಯಾಂಕರ್ ಮೊದಲು ಕೇರಿಗೆ ಬರಬೇಕು. ಊರೊಳಗ ಖಾಲಿಯಾಗಿ ತಳದ ನೀರು ನಮ್ಮ ಕೊಡಕ್ಕೆ ಬರೋದು ನಿಲ್ಲಬೇಕು.

4) ಮುಳುಗಿದ ಊರುಗಳ ಕೇರಿಗಳ ಪಟ್ಟಿ ಆಗಬೇಕು: ಎಷ್ಟು ಮನೆ ಇದ್ದವು, ಆ ಮಂದಿ ಎಲ್ಲಿ ಹೋದರು. ಹಿರಿಯರು ಇರುವಾಗಲೇ ನಮ್ಮ ಹುಡುಗರು ಹೋಗಿ ಕೇಳಿ ಬರೆದುಕೊಳ್ಳಲಿ. ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ, ಒಂದು ನೋಟ್‌ಬುಕ್ ಸಾಕು.

ಮಳೆ ಬಂದರೆ ಜಲಾಶಯ ಮತ್ತ ತುಂಬತದ. ನೀರು ತುಂಬಿದ ಮೇಲೆ ಈ ಮಾತು ಯಾರೂ ಕೇಳಂಗಿಲ್ಲ. ಅರ್ಜಿ ಈಗಲೇ ಕೊಡ್ರಿ, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೇ ಬರ್ರಿ.

ಜೈ ಭೀಮ್.